ಮೆಡಲ್ ಬೇಕು, ಓಡೋಳು ಬೇಡ

ಇನ್ನು ಯಾರಾದ್ರೂ ಬಂದು "ಕಾಲೇಜು ಸೇರಿದ ಮೇಲೂ ಆಟಾನಾ?" ಅಂತ ಕೇಳಿದ್ರೆ ನನ್ನ ಬಾಯಿಂದ ಏನು ಬರುತ್ತೋ ನನಗೇ ಗೊತ್ತಿಲ್ಲ. ಮಗಳು 400 ಮೀಟರ್ ಓಡ್ತಾಳೆ. ಚೆನ್ನಾಗಿ ಓಡ್ತಾಳೆ. ಶಾಲೇಲಿದ್ದಾಗ ಚಪ್ಪಾಳೆ ತಟ್ಟಿದವರೂ ಇವರೇ. ಹದಿನೆಂಟು ತುಂಬಿದ್ದೇ ತಡ, ಅದೇ ಓಟ ಇವರ ಕಣ್ಣಿಗೆ ಕಾಲಹರಣ ಆಗೋಯ್ತು. ಬೆಳಗಿನ ಜಾವ ಎದ್ದು ಟ್ರ್ಯಾಕಿಗೆ ಹೋಗೋಳಿಗೆ ಜವಾಬ್ದಾರಿ ಇಲ್ಲ, ಬಿಸಿಲೇರೋವರೆಗೂ ಹೊದ್ದು ಮಲಗೋ ಇವರ ಮಗನಿಗೆ ಭವಿಷ್ಯದ ಚಿಂತೆ!

ಜನರನ್ನ ಬಿಡಿ. ಕಾಲೇಜಿನೋರು ಮಾಡಿದ್ದೇನು? ಸೀಟು ಕೊಡುವಾಗ ಸರ್ಟಿಫಿಕೇಟ್ ಒಂದೊಂದೇ ತಿರುವಿ ನೋಡಿ "ಇಂಥ ಮಕ್ಕಳೇ ಬೇಕು ನಮಗೆ" ಅಂದ್ರು. ಗೆದ್ದು ಬಂದಾಗ ಗೇಟಿನ ಮೇಲೆ ಆಳೆತ್ತರದ ಬ್ಯಾನರ್. ಫೋಟೋದಲ್ಲಿ ಅವಳ ಪಕ್ಕ ಹಲ್ಲು ಕಿರಿದು ನಿಂತೋರು ಒಂದು ದಿನವೂ ಅವಳ ಓಟ ನೋಡಿದವರಲ್ಲ. ಆ ಮೆಡಲ್ ಗೆದ್ದ ಕೂಟದ ದಿನಗಳಿಗೇ ಆಬ್ಸೆಂಟ್ ಹಾಕಿದಾರೆ! ಕಾಲೇಜಿನ ಪರವಾಗೇ ಹೋಗಿದ್ಲು ಅನ್ನೋ ಓ.ಡಿ. (ಆನ್ ಡ್ಯೂಟಿ) ಲೆಟರ್ ಕೊಟ್ರೆ ಆಟದ ಮೇಷ್ಟ್ರು ಪಿ.ಡಿ. ಸರ್ ಸಹಿ ಸಾಲದಂತೆ, ವಿಭಾಗದ ಮುಖ್ಯಸ್ಥರು, ಅಂದ್ರೆ ಎಚ್‌ಓಡಿ ಸಹಿ ಬೇಕಂತೆ. ಎಚ್‌ಓಡಿ ಹತ್ರ ಹೋದ್ರೆ ಪ್ರಿನ್ಸಿಪಾಲರನ್ನ ಕೇಳಿ. ಪ್ರಿನ್ಸಿಪಾಲರು ಯಾವಾಗ ಹೋದ್ರೂ ಮೀಟಿಂಗಲ್ಲಿ. ಈಗ ಇಂಟರ್ನಲ್ಸೂ ಹೋಯ್ತು, ಇನ್ನೊಮ್ಮೆ ಬರೆಸೋದಿಲ್ವಂತೆ. ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿಯಲ್ಲಿ ಅವಳ ಹೆಸರು ನೋಟಿಸ್ ಬೋರ್ಡಿಗೆ ಬಂದಿದೆ. ಬ್ಯಾನರ್ ಮಾತ್ರ ಇನ್ನೂ ಇಳಿಸಿಲ್ಲ.

ಇದನ್ನ ಹೇಳಿಕೊಂಡ್ರೆ ಸಿಗೋ ಉಪದೇಶ: "ಡಿಗ್ರಿ ಮುಗಿಸಲಿ, ಆಮೇಲೆ ಓಡಲಿ." ಆಮೇಲೆ ಯಾವಾಗ ಸ್ವಾಮಿ? ಜಿಮ್ನಾಸ್ಟಿಕ್ಸ್‌ನಂಥ ಆಟ ಬೇರೆ, ಅಲ್ಲಿ ತುಂಬಾ ಬೇಗ ಮೇಲೆ ಬರ್ತಾರೆ. ಓಟಗಾರರು ತಮ್ಮ ಪೂರ್ತಿ ಶಕ್ತಿಗೆ ಬರೋದು ಸಾಮಾನ್ಯವಾಗಿ ಇಪ್ಪತ್ತು ದಾಟಿದ ಮೇಲೆ. ಅದಕ್ಕೆ ತಯಾರಾಗೋ ವರ್ಷಗಳೇ ಕಾಲೇಜಿನ ವರ್ಷಗಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದ ಜೂಲಿಯನ್ ಆಲ್ಫ್ರೆಡ್ ಟೆಕ್ಸಸ್ ವಿಶ್ವವಿದ್ಯಾಲಯದ ಪರ ಓಡಿ ಬೆಳೆದವಳು. ಪುಟ್ಟ ಸೇಂಟ್ ಲೂಸಿಯಾ ದೇಶಕ್ಕೆ ಅದೇ ಮೊಟ್ಟಮೊದಲ ಒಲಿಂಪಿಕ್ ಪದಕ. ಅದೇ ಒಲಿಂಪಿಕ್ಸ್‌ನಲ್ಲಿ ಈಜಿನಲ್ಲಿ ನಾಲ್ಕು ಚಿನ್ನ ಗೆದ್ದ ಫ್ರಾನ್ಸಿನ ಲಿಯೋನ್ ಮಾರ್ಶಾನ್ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿದ್ದವನು. ಇವರಿಗೆಲ್ಲ "ಡಿಗ್ರಿ ಮುಗಿಸು, ಆಟ ಆಮೇಲೆ ನೋಡೋಣ" ಅಂತ ಯಾರೂ ಹೇಳಲಿಲ್ಲವಲ್ಲ!

ಆಡೋರಿಗೆ ಓದು ಹತ್ತಲ್ಲ ಅನ್ನೋ ಪಂಡಿತರು ಬೇರೆ. 1954ರಲ್ಲಿ ಮೈಲಿಯನ್ನ ನಾಲ್ಕು ನಿಮಿಷದೊಳಗೆ ಮೊದಲು ಓಡಿದ ರೋಜರ್ ಬ್ಯಾನಿಸ್ಟರ್ ಆಗ ವೈದ್ಯಕೀಯ ವಿದ್ಯಾರ್ಥಿ. ಮುಂದೆ ನರರೋಗ ತಜ್ಞರಾದ್ರು. 1982ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ತಂಡದ ನಾಯಕನಾಗಿದ್ದ ಸಾಕ್ರಟೀಸ್, ಫುಟ್‌ಬಾಲ್ ಆಡ್ತಾನೇ ಡಾಕ್ಟರಿಕೆ ಓದಿ ಮುಗಿಸಿದವನು.

ಇನ್ನು ಎದುರು ಪಾರ್ಟಿ: "ಅಷ್ಟು ಪ್ರತಿಭೆ ಇದ್ರೆ ಕಾಲೇಜು ಬಿಡಿಸಿ, ಪೂರ್ತಿ ಓಟಕ್ಕೇ ಹಾಕಿ." ಹೌದಾ? ತೊಡೆಯ ಸ್ನಾಯು ಕೆಟ್ಟದಾಗಿ ಹರಿದ್ರೆ ಸೀಸನ್ನೇ ಮುಗೀತು. ಮಂಡಿಯೊಳಗೆ ಮೂಳೆಗಳನ್ನ ಹಿಡಿದಿಡೋ ಎಸಿಎಲ್ ಅನ್ನೋ ಲಿಗಮೆಂಟ್ ಹರಿದು ಹೋದ್ರೆ ಆಪರೇಷನ್ ಆಗಿ ಮತ್ತೆ ಕಣಕ್ಕಿಳಿಯೋಕೆ ಸುಮಾರು 9 ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು. ಆಗ ಅವಳ ಕೈಲಿ ಏನಿರುತ್ತೆ? ಈ ಸಲಹೆ ಕೊಟ್ಟೋರು ಬಂದು ನೋಡ್ಕೋತಾರಾ? ಅದಕ್ಕೇ ಅವಳು ಓದಬೇಕು, ಓಡಲೂಬೇಕು. ಮಾರ್ಕ್ಸ್ ದಾನ ಕೊಡಿ ಅಂತ ಕೇಳ್ತಿಲ್ಲ ನಾನು. ನಿಮ್ಮ ಜೆರ್ಸಿ ಹಾಕ್ಕೊಂಡು ಓಡೋಕೆ ಹೋದ ದಿನ ತಪ್ಪಿದ ಪರೀಕ್ಷೆನ ಇನ್ನೊಂದು ದಿನ ಬರೆಸಿ. ಬಂದಿಲ್ಲ ಅಂತ ಬರೆಯೋ ಬದಲು ಎಲ್ಲಿಗೆ ಹೋಗಿದ್ಲು ಅಂತ ಬರೀರಿ. ಇಷ್ಟು ಮಾಡೋಕೆ ಹೊಸ ಸ್ಟೇಡಿಯಂ ಕಟ್ಟಬೇಕಾ?

ನಿನ್ನೆ ಫೋನ್ ಬಂತು. ರಿಲೇ ತಂಡಕ್ಕೆ ಒಬ್ಬಳು ಕಮ್ಮಿ ಇದಾಳಂತೆ, ಮಗಳನ್ನ ಕಳಿಸಬೇಕಂತೆ, ಕಾಲೇಜಿನ ಮಾನದ ಪ್ರಶ್ನೆಯಂತೆ. ಹೋದ ಕೂಟದ ಲೆಟರಿಗೆ ಮೊದಲು ಸಹಿ ಮಾಡಿಸಿಕೊಡಿ ಸರ್ ಅಂದೆ. "ಅದಕ್ಕೆಲ್ಲ ಟೈಮ್ ಹಿಡಿಯುತ್ತೆ ಮೇಡಂ, ನೀವು ಅವಳ ಜೆರ್ಸಿ ಸೈಜ್ ಹೇಳಿ" ಅಂದ್ರು.