ನಾಲ್ಕನೇ ಕ್ಲಾಸಿನ ಅಪ್ಪಂದಿರು

ಚಿತ್ರದುರ್ಗದಲ್ಲಿ ರಾತ್ರಿ ಒಂಬತ್ತರ ಮೇಲೆ ಸ್ಟೇಷನರಿ ಅಂಗಡಿ ಮುಂದೆ ಗುಂಪು ಕಂಡರೆ ಗಾಬರಿಯಾಗಬೇಡಿ. ಗಲಾಟೆಯಲ್ಲ. ನಾಲ್ಕನೇ ಕ್ಲಾಸಿನ ಅಪ್ಪಂದಿರು ಥರ್ಮಾಕೋಲ್‌ಗೆ ನಿಂತಿದ್ದಾರೆ. ‘ನಾಳೆ ಪ್ರಾಜೆಕ್ಟ್ ಕಡ್ಡಾಯ’ ಅಂತ ಗ್ರೂಪಿನಲ್ಲಿ ಮೆಸೇಜು ಈಗಷ್ಟೇ ಬಂದಿದೆ.

ವಿಷಯ, ನಮ್ಮೂರ ಕೋಟೆ. ಹಾಗಂತ ಕೋಟೆಗೆ ಹೋಗಬೇಕು ಅಂತೇನಿಲ್ಲ. ಕ್ಲಾಸಿನ ಕಿಟಕಿಯಿಂದ ಬೆಟ್ಟ ಕಾಣುತ್ತೆ, ನಿಜ. ಹದಿನೈದರೊಳಗಿನ ಮಕ್ಕಳಿಗೆ ಟಿಕೆಟ್ಟೂ ಇಲ್ಲ. ಆದರೆ ಪೋರ್ಷನ್ ಮುಗೀಬೇಕಲ್ವಾ? ಅದಕ್ಕೇ ಏಳು ಸುತ್ತಿನ ಕೋಟೆ ಮನೆಯ ಹಾಲ್‌ನಲ್ಲೇ ಏಳುತ್ತದೆ. ಅಪ್ಪ ಕಟರ್ ಹಿಡಿದು ಕೂರುತ್ತಾನೆ. ಅಮ್ಮ ಓಬವ್ವನ ಕಿಂಡಿ ಕೊರೆಯುತ್ತಾಳೆ. ಒನಕೆಗೆ ಐಸ್‌ಕ್ರೀಂ ಕಡ್ಡಿ. ಪ್ರಾಜೆಕ್ಟಿನ ಯಜಮಾನ ಸೋಫಾ ಮೇಲೆ ಗೊರಕೆ ಹೊಡೆಯುತ್ತಿರುತ್ತಾನೆ.

ಕಲ್ಲಿನ ಬಣ್ಣ ಬರಲಿ ಅಂತ ಒಬ್ಬ ಅಪ್ಪ ಸ್ಪ್ರೇ ಪೇಂಟ್ ಹೊಡೆದ. ಪೇಂಟಿನಲ್ಲಿರುವ ಸಾಲ್ವೆಂಟ್ ಥರ್ಮಾಕೋಲನ್ನು ಕರಗಿಸುತ್ತದೆ. ಬುರುಜಿಗೆ ಮೊದಲು ತೂತು ಬಿತ್ತು, ಆಮೇಲೆ ಕುಗ್ಗಿತು, ಕೊನೆಗೆ ಅಂಟಂಟಾಗಿ ನೆಲಕ್ಕೆ ಹಾಸಿದ ಪೇಪರಿಗೆ ಮೆತ್ತಿಕೊಂಡಿತು. ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಿ, ಅಂತೂ ಇಂತೂ 1779ರಲ್ಲಿ ಗೆದ್ದ ಕೋಟೆ ಇದು. ಇಲ್ಲಿ ಎರಡೇ ನಿಮಿಷ! ಇಡೀ ಪ್ರಾಜೆಕ್ಟಿನಲ್ಲಿ ನಡೆದ ವಿಜ್ಞಾನ ಅದೊಂದೇ. ನೋಡೋಕೆ ಮಗು ಎದ್ದಿರಲಿಲ್ಲ, ಅಷ್ಟೇ.

ಮಗು ತಾನೇ ಮನಸ್ಸಿಟ್ಟು, ಒಂದು ಉದ್ದೇಶ ಇಟ್ಟುಕೊಂಡು ಮಾಡುವ ಕೆಲಸವೇ ಪ್ರಾಜೆಕ್ಟ್ ಅಂತ ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲೇ ಬರೆದಿದ್ದರು. ಪಾಪ, ಅವರು ನಮ್ಮ ಜೆರಾಕ್ಸ್ ಅಂಗಡಿ ನೋಡಿರಲಿಲ್ಲ. ‘ಮಳೆನೀರು ಕೊಯ್ಲು’ ಅಂದರೆ ಸಾಕು, ಕಲರ್ ಪ್ರಿಂಟ್, ಸ್ಪೈರಲ್ ಬೈಂಡಿಂಗ್ ಸಮೇತ ಬಿಸಿಬಿಸಿಯಾಗಿ ಕೈಗೆ ಬರುತ್ತದೆ. ಒಳಗೆ ರಾಜಸ್ಥಾನದ ಬಾವಿಯ ಫೋಟೊ. ಇಲ್ಲೇ ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ ಇಳಿಯುವ ಹಾಗೆ ಪಾಳೇಗಾರರ ಕಾಲದಲ್ಲೇ ಕಟ್ಟಿದ್ದಾರೆ. ಏನ್ಮಾಡೋದು, ಅದನ್ನು ನೋಡೋಕೆ ಮೆಟ್ಟಿಲು ಹತ್ತಬೇಕು. ಇನ್ನು ‘ಪ್ಲಾಸ್ಟಿಕ್ ಬಿಡಿ’ ಪ್ರಾಜೆಕ್ಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕದಿದ್ದರೆ ನೀಟ್‌ನೆಸ್ ಮಾರ್ಕ್ಸ್ ಕಟ್.

ಪ್ರದರ್ಶನದಲ್ಲಿ ಮೊದಲ ಬಹುಮಾನ ಸಿವಿಲ್ ಎಂಜಿನಿಯರ್ ಅಪ್ಪನಿಗೆ ಬಂತು. ಎರಡನೇದು, ಐನೂರು ರೂಪಾಯಿಗೆ ರೆಡಿಮೇಡ್ ತಂದವರಿಗೆ. ತಾನೇ ಜೇಡಿಮಣ್ಣಲ್ಲಿ ಹೊಂಡ ಮಾಡಿ ತಂದ ಹುಡುಗಿಗೆ ‘ಮನೇಲಿ ಯಾರೂ ಹೆಲ್ಪ್ ಮಾಡಲ್ವೇನಮ್ಮ?’ ಅಂತ ಮೇಡಂ ಕನಿಕರದಿಂದ ಕೇಳಿದರು.

ಮುಂದಿನ ಪ್ರಾಜೆಕ್ಟ್ ಸೌರಮಂಡಲ. 2006ರಲ್ಲಿ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ಕೈಬಿಟ್ಟರಲ್ಲ, ಅಂಗಡಿಯವರ ಹತ್ತಿರ ಒಂಬತ್ತು ಗ್ರಹದ ಹಳೇ ಸ್ಟಾಕ್ ಇನ್ನೂ ಇದೆ. ಒಂದು ಗ್ರಹ ಜಾಸ್ತಿ, ರೇಟು ಮಾತ್ರ ಅದೇ ಅಂತೆ.