ಲಾಟ್ ಸಾಹೇಬನ ಕುರ್ಚಿಗೆ ಡ್ಯೂಕನ ಮಗನೇ ಬೇಕಿತ್ತೆ?

ಪ್ರಶ್ನೆ: ವಸಾಹತುಗಳ ಚುಕ್ಕಾಣಿ ಈಸ್ಟ್ ಇಂಡಿಯಾ ಕಂಪನಿಯ ನೌಕರರ ಬದಲು ಇಂಗ್ಲೆಂಡಿನ ಕುಲೀನ ಮನೆತನಗಳ ಕೈಗೆ ಹೋದದ್ದು ಆಳಿಸಿಕೊಂಡವರ ಪಾಲಿಗೆ ವಾಸಿಯಾಯಿತೆ? ಚರ್ಚೆಗೆ ಎತ್ತಿಕೊಂಡದ್ದು ಪೋರ್ಟ್‌ಲ್ಯಾಂಡ್ ಡ್ಯೂಕರ ಬೆಂಟಿಂಕ್ ಮನೆತನ.

ಪರ

ಹುಟ್ಟಿನ ಬಲದಿಂದ ಕುರ್ಚಿ ಹಿಡಿಯುವುದು ನ್ಯಾಯವೆಂದು ನಾನೂ ಹೇಳಲಾರೆ. ಆದರೆ ಇಲ್ಲಿ ಹೋಲಿಕೆ ಇರುವುದು ಕಂಪನಿ ನೌಕರನ ಜೊತೆ. ಆತ ಹರೆಯದಲ್ಲೇ ಹಡಗು ಹತ್ತಿ ಬಂದು, ಕಲ್ಕತ್ತದ ಬಿಳಿಯರ ಹಂಗಿನಲ್ಲೇ ಮೇಲೇರಿದವನು. ಜೊತೆಯವರ ಭತ್ಯೆಗೆ ಕತ್ತರಿ ಹಾಕುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು?

3ನೇ ಡ್ಯೂಕನ ಎರಡನೇ ಮಗ ಲಾರ್ಡ್ ವಿಲಿಯಂ ಬೆಂಟಿಂಕ್ 1828ರಲ್ಲಿ ಗವರ್ನರ್ ಜನರಲ್ ಆಗಿ ಬಂದವನೇ ಆ ಕೆಲಸಕ್ಕೆ ಕೈ ಹಾಕಿದ. ಕಲ್ಕತ್ತದಿಂದ 400 ಮೈಲಿಯೊಳಗಿನ ಠಾಣೆಗಳ ಸೇನಾಧಿಕಾರಿಗಳಿಗೆ ಬಟ್ಟಾ, ಅಂದರೆ ಸಂಬಳದ ಮೇಲಿನ ಭತ್ಯೆ, ಅರ್ಧಕ್ಕಿಳಿಯಿತು. ಲಂಡನ್ನಿನ ಈ ಆದೇಶವನ್ನು ಹಿಂದಿನವರು ಮುಂದೂಡುತ್ತ ಬಂದಿದ್ದರು. ಅಧಿಕಾರಿಗಳು ಉರಿದುಬಿದ್ದರು, ಆತ ಜಗ್ಗಲಿಲ್ಲ. ಸತಿಯ ವಿಷಯದಲ್ಲೂ ಹಾಗೆಯೇ. ಸಿಪಾಯಿಗಳು ಕೆರಳಿಯಾರೇ ಎಂದು ಮೊದಲು ಸೇನಾಧಿಕಾರಿಗಳಿಂದ ಅಭಿಪ್ರಾಯ ತರಿಸಿಕೊಂಡ. ನಂತರ 1829ರ ಡಿಸೆಂಬರ್ 4ರಂದು ಸತಿಯನ್ನು ನಿಷೇಧಿಸುವ 17ನೇ ರೆಗ್ಯುಲೇಷನ್ ಹೊರಡಿಸಿದ. ದೇಶೀ ಸಿಪಾಯಿಗಳಿಗೆ ಛಡಿಯೇಟಿನ ಶಿಕ್ಷೆ ರದ್ದಾದದ್ದೂ 1835ರಲ್ಲಿ, ಅವನ ಕಾಲದಲ್ಲೇ.

ಬೇರೆ ಕುಲೀನರೂ ಹೀಗೆಯೇ ಇದ್ದರೆಂದು ನಾನು ವಾದಿಸುತ್ತಿಲ್ಲ.

ವಿರೋಧ

ವಾಸಿಯಾಗಲಿಲ್ಲ. ಬಟ್ಟಾ ಕಡಿತವನ್ನು ಮುಂದೂಡಿದ 'ಹಿಂದಿನವರು' ಯಾರು? ಒಬ್ಬ ಮಾರ್ಕ್ವಿಸ್ ಆಫ್ ಹೇಸ್ಟಿಂಗ್ಸ್, ಇನ್ನೊಬ್ಬ ಅರ್ಲ್ ಆಮ್ಹರ್ಸ್ಟ್. ಬೆಂಟಿಂಕನಿಗೆ ಮುಂಚಿನ ಈ ಗವರ್ನರ್ ಜನರಲ್‌ಗಳಿಬ್ಬರೂ ಲಾರ್ಡುಗಳೇ, ಕಂಪನಿಯ ಗುಮಾಸ್ತರಲ್ಲ. ಇನ್ನು ಸತಿಯ ಮಾತು. ಒಂದು ಒಳ್ಳೆಯ ಕಾನೂನು ತೋರಿಸಿ ಇಡೀ ವಂಶಕ್ಕೆ ಆರತಿ ಎತ್ತುವವರಿಗೆ ಏನು ಹೇಳುವುದು!

ಈ ಮನೆತನಕ್ಕೆ ವಸಾಹತು ಎಂದರೆ ಏನಾಗಿತ್ತು ಎಂಬುದನ್ನು ಮೊದಲನೇ ಡ್ಯೂಕನಿಂದಲೇ ನೋಡಿ. 1720ರಲ್ಲಿ ಬೆಲೆ ಕುಸಿದ ಸೌತ್ ಸೀ ಎಂಬ ಕಂಪನಿಯ ಷೇರಿನಲ್ಲಿ ಕೈ ಸುಟ್ಟುಕೊಂಡವನು ಜಮೈಕಾದ ಗವರ್ನರ್‌ಗಿರಿ ಹಿಡಿದು, 1726ರಲ್ಲಿ ಅಲ್ಲೇ ಸತ್ತ. ಲಾರ್ಡ್ ವಿಲಿಯಂ ಮದ್ರಾಸಿನ ಗವರ್ನರ್ ಆಗಿ ಬಂದದ್ದು 1803ರಲ್ಲಿ, ಮೂವತ್ತೂ ತುಂಬದ ವಯಸ್ಸಿನಲ್ಲಿ. 1806ರಲ್ಲಿ ಅವನ ಸೇನಾಪತಿ ಕ್ರಾಡಕ್ ಸಿಪಾಯಿಗಳಿಗೆ ಹೊಸ ಮಾದರಿಯ ರುಮಾಲು ಹೊರಿಸಿ, ಸಮವಸ್ತ್ರದಲ್ಲಿರುವಾಗ ನಾಮ, ವಿಭೂತಿ, ಕಿವಿಯ ಒಂಟಿ ಬೇಡವೆಂದ. ರುಮಾಲು ಒಲ್ಲೆವೆಂದವರಲ್ಲಿ ಇಬ್ಬರಿಗೆ ತಲಾ 900 ಛಡಿಯೇಟು. ಜುಲೈ 10ರ ನಸುಕಿನಲ್ಲಿ ವೆಲ್ಲೂರು ಕೋಟೆ ಸಿಡಿದೆದ್ದಿತು. 1807ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಬೆಂಟಿಂಕನನ್ನು ವಾಪಸ್ ಕರೆಸಿಕೊಂಡರು.

ಸಾಮಾನ್ಯನಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಈತನ ಅಪ್ಪ ಎರಡು ಸಲ ಪ್ರಧಾನಿಯಾಗಿದ್ದವನು. 1827ರಲ್ಲಿ ಪ್ರಧಾನಿಯಾದ ಕ್ಯಾನಿಂಗ್ ಈತನ ಅಣ್ಣ 4ನೇ ಡ್ಯೂಕನ ಷಡ್ಡಕ: ಸ್ಕಾಟ್ ಮನೆತನದ ಅಕ್ಕತಂಗಿಯರ ಗಂಡಂದಿರು. ಅಣ್ಣ ಅದೇ ಸಂಪುಟದಲ್ಲಿ ಮಂತ್ರಿ. ನೇಮಕ ಮಾಡುವವರು ಕಾಗದದ ಮೇಲೆ ಕಂಪನಿಯ ನಿರ್ದೇಶಕರು. ಸಂಪುಟದ ಒಪ್ಪಿಗೆ, ರಾಜನ ರುಜು ಇಲ್ಲದೆ ಹೆಸರು ಮುಂದೆ ಹೋಗದು. ಅದೇ ವರ್ಷ ಗವರ್ನರ್ ಜನರಲ್ ಪಟ್ಟ ಸಿಕ್ಕಿತು.

ಬೆಲೆ ತೆತ್ತದ್ದು ಮೈಸೂರು. 1799ರ ಒಪ್ಪಂದದಂತೆ ರಾಜ್ಯ ವರ್ಷಕ್ಕೆ 7 ಲಕ್ಷ ನಕ್ಷತ್ರ ವರಹ ಕಪ್ಪ ಕಟ್ಟಬೇಕು. ಅದು ನಿಲ್ಲುವ ಭಯವಿದ್ದರೆ, ಭರ್ತಿಗೆ ಬೇಕಾದಷ್ಟು ಸೀಮೆಯನ್ನು ಕಂಪನಿ ವಹಿಸಿಕೊಳ್ಳಬಹುದಿತ್ತು. 1830–31ರಲ್ಲಿ ಮೈಸೂರಿನ ನಗರ ಎಂಬ ಸೀಮೆಯಲ್ಲಿ ಎದ್ದ ರೈತರ ದಂಗೆಯೇ ನೆಪವಾಯಿತು. 1831ರ ಸೆಪ್ಟೆಂಬರ್ 7ರಂದು ಬೆಂಟಿಂಕ್ ಆಡಳಿತ ಒಪ್ಪಿಸುವಂತೆ ಅರಸರಿಗೆ ಪತ್ರ ಬರೆದ; ಅಕ್ಟೋಬರ್ 19ರಂದು ಮುಮ್ಮಡಿ ಕೃಷ್ಣರಾಜ ಒಡೆಯರು ಆಡಳಿತ ಬಿಟ್ಟುಕೊಟ್ಟರು. ಕೈಬಿಟ್ಟದ್ದು ಒಂದೆರಡು ಸೀಮೆಯಲ್ಲ, ಇಡೀ ರಾಜ್ಯ. ದಂಗೆಯ ಕಾರಣ ಹುಡುಕಲು ಕೂತ ವಿಚಾರಣಾ ಸಮಿತಿಯ ವರದಿ ಬಂದದ್ದು 1833ರ ಕೊನೆಗೆ, ಅಂದರೆ ಶಿಕ್ಷೆ ಮೊದಲು, ತನಿಖೆ ಆಮೇಲೆ. ಕಪ್ಪಕ್ಕೆ ತತ್‌ಕ್ಷಣದ ಅಪಾಯವಿದ್ದಂತೆ ಕಾಣುವುದಿಲ್ಲವೆಂದು 1834ರಲ್ಲಿ ಬೆಂಟಿಂಕನೇ ಲಂಡನ್ನಿಗೆ ಬರೆದ. ಒಂದಿಷ್ಟು ಭಾಗವನ್ನು ಅರಸರಿಗೆ ಮರಳಿಸೋಣವೆಂದ. ಲಂಡನ್ ಒಪ್ಪಲಿಲ್ಲ. ಇತ್ತ ಕೊಡಗು ಅದೇ ವರ್ಷ ಪೂರ್ತಿಯಾಗಿ ಕಂಪನಿಯ ವಶಕ್ಕೆ ಹೋಯಿತು.

ಒಡೆಯರು ರಾಜ್ಯಕ್ಕಾಗಿ ಅರ್ಜಿ ಬರೆಯುತ್ತಲೇ 1868ರಲ್ಲಿ ತೀರಿಕೊಂಡರು. ಮೈಸೂರು ಅರಸು ಮನೆತನಕ್ಕೆ ಮರಳಿದ್ದು 1881ರಲ್ಲಿ. ಬೆಂಟಿಂಕ್ ಊರಿಗೆ ಹೋಗಿ 1836ರಲ್ಲಿ ಗ್ಲಾಸ್ಗೋದಿಂದ ಮತ್ತೆ ಪಾರ್ಲಿಮೆಂಟಿಗೆ ಆರಿಸಿ ಬಂದ.