ಎಣ್ಣೆ ಕಮ್ಮಿ ಆಗಲಿ ಅಂತ ತಂದ ಪ್ಯಾನ್‌ಗೆ ಈಗ ಡಬಲ್ ಎಣ್ಣೆ

ಇವತ್ತು ಬೆಳಿಗ್ಗೆ ನಮ್ಮ ಮನೆಯ ಮೂರನೇ ನಾನ್‌ಸ್ಟಿಕ್ ಪ್ಯಾನ್ ತೀರಿಕೊಂಡಿತು. ಬಂದು ಇನ್ನೂ ಐದು ತಿಂಗಳು. ಮೊಟ್ಟೆ ಒಡೆದು ಹಾಕಿದೆ, ನಟ್ಟನಡುವೆ ಕಚ್ಚಿಕೊಂಡು ಕೂತಿತು. ಕೆರೆದು ತೆಗೆದು ನೋಡಿದರೆ ತಳದಲ್ಲಿ ಬೆಕ್ಕು ಪರಚಿದ ಹಾಗೆ ನಾಲ್ಕು ಗೀರು. ಒಳಗಿನ ಅಲ್ಯುಮಿನಿಯಂ ಬೆಳ್ಳಗೆ ಇಣುಕುತ್ತಿದೆ. ಪಕ್ಕದಲ್ಲೇ ಒಂದು ಸ್ಟೀಲ್ ಸೌಟು, ಏನೂ ಗೊತ್ತಿಲ್ಲದ ಹಾಗೆ ಮಲಗಿದೆ.

"ಯಾರು ಇದಕ್ಕೆ ಸ್ಟೀಲ್ ಸೌಟು ಹಾಕಿದ್ದು?" ಅಂತ ಕೂಗಿದೆ. ಮನೆಯಲ್ಲಿ ಇರುವುದೇ ಮೂರು ಜನ. ಅಮ್ಮ ಹಾಕಿಲ್ಲವಂತೆ. ತಮ್ಮನೂ ಹಾಕಿಲ್ಲವಂತೆ. ಹಾಗಾದರೆ ಪ್ಯಾನ್ ತನ್ನ ಮೈ ತಾನೇ ಕೆರೆದುಕೊಂಡಿರಬೇಕು. ತಮ್ಮ ಬಂದು ಬಗ್ಗಿ ನೋಡಿ, "ನಾನ್‌ಸ್ಟಿಕ್ ಅಂದ್ರೆ ಅಷ್ಟೇ ಕಣೋ ಅಣ್ಣಾ, ಬಾಳಿಕೆ ಬರಲ್ಲ" ಅಂದ. ಆ ಮಾತಿಗೆ ಮೈಯೆಲ್ಲ ಉರಿಯಿತು. ಕೊಂದವನೇ ಬಂದು ಆಯಸ್ಸು ಅಷ್ಟೇ ಇತ್ತು ಅಂದ ಹಾಗೆ!

ಇದನ್ನು ತಂದದ್ದು ಶೋಕಿಗಲ್ಲ. ಡಾಕ್ಟರ್ ನನಗೆ ಎಣ್ಣೆ ಕಮ್ಮಿ ಮಾಡಿ ಅಂದಿದ್ದರು. ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಒಂದು ದೊಡ್ಡ ಚಮಚ ಅಂದರೆ 15 ಮಿಲಿ, ಅದರಲ್ಲೇ ಹತ್ತಿರ ಹತ್ತಿರ 120 ಕ್ಯಾಲೊರಿ. ಯಾವ ಎಣ್ಣೆಯಾದರೂ ಇಷ್ಟೇ, ಬಾಟಲಿ ಮೇಲೆ ಹೃದಯದ ಚಿತ್ರ ಇದ್ದರೂ ಇಷ್ಟೇ. ನಾವು ಚಮಚದಲ್ಲಿ ಅಳೆಯುವವರೇ ಅಲ್ಲ, ಬಾಟಲಿ ಬಗ್ಗಿಸಿ ಸುರಿಯುವವರು. ಒಳ್ಳೆಯ ನಾನ್‌ಸ್ಟಿಕ್ ಇದ್ದರೆ ಅದೇ ಮೊಟ್ಟೆ ಅರ್ಧ ಟೀ ಚಮಚದಲ್ಲಿ ಜಾರಿಕೊಂಡು ಬರುತ್ತದೆ. ನಾನು ಕೇಳಿದ್ದು ಇಷ್ಟೇ.

ಈಗ ಆಗಿರುವುದೇನು? ಕೋಟಿಂಗ್ ಹೋದ ಪ್ಯಾನ್‌ಗೆ ಎಲ್ಲವೂ ಅಂಟುತ್ತದೆ. ಅಂಟುತ್ತದೆ ಅಂತ ಮನೆಯವರು ಇನ್ನೊಂದು ಚಮಚ ಸುರಿಯುತ್ತಾರೆ. ಮತ್ತೆ ಅಂಟುತ್ತದೆ, ಮತ್ತೊಂದು ಚಮಚ. ಹಳೇ ಕಬ್ಬಿಣದ ಬಾಣಲೆಯಲ್ಲಿ ಇಷ್ಟು ಎಣ್ಣೆ ಹಾಕಿರಲಿಲ್ಲ ನಾವು.

ಸೌಟಿಗಿಂತ ದೊಡ್ಡ ಕೊಲೆಗಾರ ಉರಿ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿದೆ. ನಮ್ಮ ತಮ್ಮನ ಪದ್ಧತಿ ಹೀಗೆ: ಖಾಲಿ ಪ್ಯಾನ್ ಒಲೆ ಮೇಲೆ ಇಡು, ಉರಿ ಪೂರ್ತಿ ಮಾಡು, ಫೋನ್ ನೋಡಲು ಹೋಗು. ಆ ಕೋಟಿಂಗ್ ಪಿ.ಟಿ.ಎಫ್.ಇ. ಅನ್ನುವ ಪ್ಲಾಸ್ಟಿಕ್, ನಾವು ಟೆಫ್ಲಾನ್ ಅನ್ನುತ್ತೇವಲ್ಲ, ಅದೇ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಹಾಳಾಗಲು ಶುರು. 327 ಡಿಗ್ರಿಗೆ ಕರಗುತ್ತದೆ. ತೆಳ್ಳಗಿನ ಖಾಲಿ ಪ್ಯಾನ್ ಜೋರು ಉರಿಯಲ್ಲಿ 260 ಮುಟ್ಟಲು ಕೆಲವೇ ನಿಮಿಷ ಸಾಕು. ಇನ್ನೂ ಕಾದರೆ ಬರುವ ಹೊಗೆ ಕುಡಿದವರಿಗೆ ಜ್ವರ, ಚಳಿ, ಕೆಮ್ಮು ಬರುತ್ತದೆ, ಥೇಟ್ ಫ್ಲೂ ಬಂದ ಹಾಗೆ. ಪಂಜರದ ಹಕ್ಕಿಗಳು ಸತ್ತೇ ಹೋಗುತ್ತವೆ, ಅವುಗಳ ಶ್ವಾಸಕೋಶ ಅಷ್ಟು ಸೂಕ್ಷ್ಮ. ಪುಣ್ಯಕ್ಕೆ ನಮ್ಮ ಮನೆಯಲ್ಲಿ ಹಕ್ಕಿ ಇಲ್ಲ.

ಇಲ್ಲೊಂದು ಕೊಕ್ಕೆ ಇದೆ. ಜಾಸ್ತಿ ಎಣ್ಣೆ ಹಾಕುವಾಗ ಎಣ್ಣೆಯೇ ನಮ್ಮನ್ನು ಎಚ್ಚರಿಸುತ್ತಿತ್ತು. ಹೆಚ್ಚಿನ ಅಡುಗೆ ಎಣ್ಣೆಗಳು ಅಷ್ಟು ಕಾಯುವ ಮೊದಲೇ ಹೊಗೆಯಾಡುತ್ತವೆ. ಹೊಗೆ ಕಂಡರೆ ಯಾರಾದರೂ ಉರಿ ಇಳಿಸುತ್ತಾರೆ. ಒಣ ಪ್ಯಾನ್ ಬಾಯಿ ಬಿಡುವುದಿಲ್ಲ, ಸುಮ್ನೆ ಕಾಯುತ್ತಾ ಕೂರುತ್ತದೆ. ಅಂದರೆ ಎಣ್ಣೆ ಇಳಿಸಿದವರು ಉರಿಯನ್ನೂ ಇಳಿಸಲೇಬೇಕು. ಮೊದಲು ನಾಲ್ಕು ಹನಿ ಎಣ್ಣೆ ಹಾಕಿ, ಬಟ್ಟೆಯಲ್ಲಿ ತಳಕ್ಕೆಲ್ಲ ಸವರಿ, ಆಮೇಲೆ ಸಣ್ಣ ಉರಿಯಿಂದ ಮಧ್ಯಮ ಉರಿಗೆ. ಇದರಾಚೆ ಹೋಗುವ ಅಗತ್ಯವೇ ಬರುವುದಿಲ್ಲ. ಡಬ್ಬದ ಹೊರಗೆ ಇಷ್ಟು ಬರೆದರೆ ಈ ಪ್ಯಾನ್ ಕಂಪನಿಯವರ ಗಂಟೇನು ಹೋಗುತ್ತದೆ? ಹೊರಗೆ ಹೊಳೆಯುವ ಮೊಟ್ಟೆಯ ಫೋಟೋ. ಉರಿಯ ವಿಷಯ ಮಾತ್ರ ಒಳಗಿನ ಚೀಟಿಯಲ್ಲಿ, ಇರುವೆ ಸಾಲಿನ ಹಾಗೆ. ಆ ಚೀಟಿ ಡಬ್ಬದ ಜೊತೆಗೇ ಕಸಕ್ಕೆ ಹೋಗುತ್ತದೆ, ಅಲ್ವಾ?

ಅಮ್ಮನದು ಇನ್ನೊಂದು ಕಥೆ. ಅವಳಿಗೆ ಪಾತ್ರೆ ಅಂದರೆ ಹೊಳೆಯಬೇಕು. ಅಡುಗೆ ಆದ ತಕ್ಷಣ ಬಿಸಿ ಪ್ಯಾನ್ ಎತ್ತಿ ನಲ್ಲಿ ಕೆಳಗೆ ಹಿಡಿಯುತ್ತಾಳೆ. ಚುಸ್ ಅಂತ ಒಂದು ಸದ್ದು. ಆ ಸದ್ದು ಕೇಳಿದಾಗಲೆಲ್ಲ ನನ್ನ ಎದೆ ಧಸಕ್ಕನ್ನುತ್ತದೆ. ಕಾದ ಲೋಹ ಒಮ್ಮೆಲೇ ತಣ್ಣಗಾದರೆ ತಳ ಸೊಟ್ಟ ಆಗುತ್ತದೆ. ತಳ ಉಬ್ಬಿದರೆ ಎಣ್ಣೆ ಅಂಚಿಗೆ ಓಡುತ್ತದೆ, ನಡು ಒಣಗುತ್ತದೆ, ಮತ್ತೆ ಜಾಸ್ತಿ ಎಣ್ಣೆ. ಆಮೇಲೆ ಸ್ಟೀಲ್ ನಾರು ಹಿಡಿದು ತಿಕ್ಕಾಟ. "ಅಮ್ಮಾ, ಇದಕ್ಕೆ ಮೆತ್ತಗಿನ ಸ್ಪಂಜು ಸಾಕು" ಅಂದರೆ, "ಕರೀ ಬಣ್ಣ ಹೋಗ್ತಾನೇ ಇಲ್ಲ ಕಣೋ, ಎಷ್ಟು ಹೊತ್ತಿಂದ ತಿಕ್ತಾ ಇದ್ದೀನಿ" ಅಂತಾಳೆ. ಅಮ್ಮಾ, ಆ ಕರೀ ಬಣ್ಣಕ್ಕೇ ನಾನು ದುಡ್ಡು ಕೊಟ್ಟಿದ್ದು!

ನ್ಯಾಯವಾಗಿ ಹೇಳಬೇಕಲ್ಲ, ಮೊದಲನೇ ಪ್ಯಾನ್ ಕೊಂದದ್ದು ನಾನೇ. ಎಣ್ಣೆ ಕಮ್ಮಿ ಆಗಲಿ ಅಂತ ಸ್ಪ್ರೇ ಡಬ್ಬಿ ತಂದಿದ್ದೆ. ಬರೀ ಎಣ್ಣೆ ಅಂದುಕೊಂಡಿದ್ದೆ. ಅಂಥ ಎಷ್ಟೋ ಸ್ಪ್ರೇಗಳಲ್ಲಿ ಲೆಸಿಥಿನ್ ಅಂತ ಒಂದು ಪದಾರ್ಥ ಇರುತ್ತದೆ. ಅದು ಕಾದು ಕಾದು ಜಿಗುಟಾದ ಕಂದು ಪದರ ಕಟ್ಟುತ್ತದೆ. ಎರಡೇ ತಿಂಗಳಲ್ಲಿ ಜಾರುವ ಪ್ಯಾನ್ ಗೋಂದಿನ ಪ್ಯಾನ್ ಆಯಿತು. ಅಡುಗೆ ಸೋಡಾ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಮೆತ್ತಗೆ ಉಜ್ಜಿದ್ದರೆ ಬಹುಶಃ ಉಳಿಯುತ್ತಿತ್ತು. ನನಗೆ ಆಗ ಗೊತ್ತಿರಲಿಲ್ಲ, ಚಾಕುವಿನಲ್ಲಿ ಕೆರೆದೆ. ಆಯ್ತು, ಒಪ್ಪಿಕೊಂಡೆ. ಆದರೆ ನಾನು ಒಂದು ಸಲ ಕಲಿತೆ. ಇವರು?

ಎರಡನೆಯದು ಸೆರಾಮಿಕ್. "ಟೆಫ್ಲಾನ್ ವಿಷ, ಇದು ತಗೊಳ್ಳಿ ಸಾರ್" ಅಂದಿದ್ದ ಅಂಗಡಿಯವನು. ಸೆರಾಮಿಕ್ ಕೋಟಿಂಗ್‌ನಲ್ಲಿ ಪಿ.ಟಿ.ಎಫ್.ಇ. ಇಲ್ಲ, ಅದು ನಿಜ. ಅದು ಮರಳಿನಲ್ಲಿರುವ ಸಿಲಿಕಾದಿಂದಲೇ ಆದ ಪದರ, ಬಿಸಿಯನ್ನೂ ಹೆಚ್ಚು ತಡೆಯುತ್ತದೆ. ಆದರೆ ಜಾರುವ ಗುಣ ಸಾಮಾನ್ಯವಾಗಿ ಟೆಫ್ಲಾನ್‌ಗಿಂತ ಬೇಗ ಹೋಗುತ್ತದೆ. ಇದನ್ನು ಅವನು ಹೇಳಲಿಲ್ಲ. ಕೋಟಿಂಗ್ ಎಲ್ಲೂ ಕಿತ್ತಿರಲಿಲ್ಲ, ನೋಡಲು ಹೊಸದೇ, ಮೊಟ್ಟೆ ಮಾತ್ರ ಬಿಡುತ್ತಿರಲಿಲ್ಲ.

ಟೆಫ್ಲಾನ್ ಪ್ಯಾನ್ ಡಬ್ಬದ ಮೇಲಿನ "ಪಿ.ಎಫ್.ಓ.ಎ. ಇಲ್ಲ" ಅನ್ನುವ ಹಸಿರು ಮುದ್ರೆ ಇನ್ನೊಂದು ನಾಟಕ. ಪಿ.ಎಫ್.ಓ.ಎ. ಅನ್ನುವುದು ಟೆಫ್ಲಾನ್ ತಯಾರಿಸುವಾಗ ಬಳಸುತ್ತಿದ್ದ ರಾಸಾಯನಿಕ. ಅದು ಒಳ್ಳೆಯದಲ್ಲ, ಅನುಮಾನವೇ ಬೇಡ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಆದರೆ ಅಮೆರಿಕದಲ್ಲಿ ದೊಡ್ಡ ತಯಾರಕರು 2015ರ ಹೊತ್ತಿಗೇ ಅದನ್ನು ಬಿಟ್ಟರು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಅದು ಸೇರಿತು, ಬೇಗ ನಾಶವಾಗದ ವಿಷ ರಾಸಾಯನಿಕಗಳಿಗೆ ಕಡಿವಾಣ ಹಾಕಲು ದೇಶಗಳು ಮಾಡಿಕೊಂಡ ಒಪ್ಪಂದ ಅದು. ಬಿಡಲೇಬೇಕಾದದ್ದನ್ನು ಬಿಟ್ಟು, ಅದಕ್ಕೊಂದು ಹಸಿರು ಎಲೆ ಅಂಟಿಸಿ ಮಾರುವುದು ಯಾವ ಸೀಮೆ ದೊಡ್ಡತನ? ಅದನ್ನು ಓದಿದವರು ಈ ಪ್ಯಾನ್‌ನಲ್ಲಿ ಟೆಫ್ಲಾನೇ ಇಲ್ಲ ಅಂದುಕೊಳ್ಳುತ್ತಾರೆ. ಇರುತ್ತದೆ. ಎರಡೂ ಬೇರೆ ಬೇರೆ.

ಈ ಟೆಫ್ಲಾನ್ ಸಿಕ್ಕಿದ್ದೇ ಆಕಸ್ಮಿಕವಾಗಿ. 1938ರಲ್ಲಿ ರಾಯ್ ಪ್ಲಂಕೆಟ್ ಅನ್ನುವ ಅಮೆರಿಕದ ರಸಾಯನ ವಿಜ್ಞಾನಿ ಫ್ರಿಜ್ಜಿಗೆ ಬೇಕಾದ ಅನಿಲದ ಹಿಂದೆ ಬಿದ್ದಿದ್ದರು. ಸಿಲಿಂಡರಿನಿಂದ ಅನಿಲ ಬರಲಿಲ್ಲ. ಕುಯ್ದು ನೋಡಿದರೆ ಒಳಗೆ ಜಾರುವ ಬಿಳಿ ಪುಡಿ. 1950ರ ದಶಕದಲ್ಲಿ ಫ್ರಾನ್ಸಿನ ಎಂಜಿನಿಯರ್ ಮಾರ್ಕ್ ಗ್ರೆಗ್ವಾರ್ ಅದನ್ನು ಅಲ್ಯುಮಿನಿಯಂ ಪಾತ್ರೆಗೆ ಕೂರಿಸಿದರು. ಹೆಂಡತಿ ಕೇಳಿದ್ದಕ್ಕೆ ಮಾಡಿಕೊಟ್ಟರು ಅಂತ ಹೇಳುತ್ತಾರೆ. ಆ ಮನೆಯಲ್ಲಿ ನನ್ನ ತಮ್ಮನಂಥವರು ಇರಲಿಲ್ಲ ಅಂತ ಕಾಣುತ್ತದೆ.

ಈಗ ನಾಲ್ಕನೆಯದಕ್ಕೆ ಹೊರಟಿದ್ದೇನೆ. ಈ ಸಲ ಡಬ್ಬ ಓದುವುದಿಲ್ಲ, ಕೈಯಲ್ಲಿ ಎತ್ತಿ ನೋಡುತ್ತೇನೆ. ಹಗುರ ಇದ್ದರೆ ಅಲ್ಲೇ ಕೆಳಗಿಡುತ್ತೇನೆ, ತೆಳು ತಳ ಒಂದು ಕಡೆ ಸುಟ್ಟು ಇನ್ನೊಂದು ಕಡೆ ತಣ್ಣಗಿರುತ್ತದೆ. ಒಳಗೆ ಹಿಡಿ ಕೂರಿಸಿದ ರಿವೆಟ್ ಮೊಳೆಯ ತಲೆ ಇದ್ದರೆ ಬೇಡ, ಅದರ ಸುತ್ತ ಜಿಡ್ಡು ಕೂತು ತೊಳೆಯುವವರ ಕೈ ಸ್ಟೀಲ್ ನಾರಿನ ಕಡೆಗೆ ಹೋಗುತ್ತದೆ. ತಳಕ್ಕೆ ಮ್ಯಾಗ್ನೆಟ್ ಅಂಟದಿದ್ದರೆ ಇಂಡಕ್ಷನ್ ಮೇಲೆ ನಡೆಯುವುದಿಲ್ಲ.

ತಂದ ಮೇಲೆ ಅಡುಗೆಮನೆಯಲ್ಲಿ ಇಡುವುದಿಲ್ಲ. ಬಟ್ಟೆ ಸುತ್ತಿ ನನ್ನ ಬೀರುವಿನಲ್ಲಿ, ಮರದ ಸೌಟಿನ ಜೊತೆ. ಇದನ್ನು ಹೇಳಿದಾಗ ಅಮ್ಮ ನಕ್ಕಳು. "ಪ್ಯಾನ್‌ಗೆ ಬೀಗ ಹಾಕೋ ಮಗನ್ನ ಹೆತ್ತೆನಲ್ಲಪ್ಪಾ" ಅಂದಳು. ನಗಲಿ ಬಿಡಿ. ಮೊದಲನೇ ಪ್ಯಾನ್ ಹೂಕುಂಡದ ಅಡಿಯಲ್ಲಿದೆ, ಎರಡನೆಯದು ಬಕೆಟ್ಟಿಗೆ ಮುಚ್ಚಳ. ಮೂರನೆಯದನ್ನು ಎಸೆಯಲು ಹೊರಟರೆ ತಮ್ಮ ಕೈಯಿಂದ ಕಿತ್ತುಕೊಂಡ. "ಇರ್ಲಿ ಬಿಡೋ, ಸ್ವಲ್ಪ ಎಣ್ಣೆ ಜಾಸ್ತಿ ಹಾಕಿದ್ರೆ ಇನ್ನೂ ನಡೆಯುತ್ತೆ" ಅಂತೆ.